ಗಂಡಸುತನ ಮಾರುವ ಗುಡಾರಗಳು

ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಗೋಡೆ ಬರಹಗಳನ್ನು ಓದುತ್ತ ಹೋದರೆ, ಈ ಸೀಮೆಯ ಗಂಡಸರಿಗೆ ಎರಡೇ ಚಿಂತೆ ಎಂದು ಹೊರಗಿನವರಿಗೆ ಅನಿಸಬಹುದು. ಒಂದು, ತೆಂಗಿಗೆ ಯಾವ ಗೊಬ್ಬರ ಹಾಕಬೇಕು. ಇನ್ನೊಂದು, ಕಳೆದುಹೋದ ಗಂಡಸುತನವನ್ನು ಎಲ್ಲಿ ಮರಳಿ ಪಡೆಯಬೇಕು. ‘ನರದೌರ್ಬಲ್ಯ’, ‘ಧಾತುನಷ್ಟ’, ‘ಗುಪ್ತರೋಗ’ ಎಂಬ ಪದಗಳಿಗೆ ಯಾವ ನಿಘಂಟೂ ಕೊಡಲಾಗದ ಪ್ರಚಾರವನ್ನು ಈ ಗೋಡೆಗಳು ಕೊಟ್ಟಿವೆ. ಬಸ್ ನಿಲ್ದಾಣದ ಶೌಚಾಲಯದಲ್ಲಿ ಅವೇ ಪದಗಳ ಚೀಟಿ. ಹೆದ್ದಾರಿಯ ಬದಿಯಲ್ಲಿ ಹಳದಿ ಗುಡಾರ, ಅದರೊಳಗೆ ಗಾಜಿನ ಬಾಟಲಿಗಳಲ್ಲಿ ಬೇರು, ತೊಗಟೆ, ಯಾವುದರದೆಂದು ತಿಳಿಯದ ಎಣ್ಣೆ.

ಇದನ್ನೆಲ್ಲ ನೋಡಿ ನಗುವವರಲ್ಲಿ ನಾವೂ ಇದ್ದೆವು. ಆ ನಗು ನಿಂತದ್ದು ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ.

ಅಂದು ಜುಮಾ ನಮಾಝಿನ ನಂತರ ನಮ್ಮ ಸೀಮೆಯ ಒಂದು ಜಮಾಅತಿನಲ್ಲಿ ಪಂಚಾಯಿತಿ ಸೇರಿತ್ತು. ಹುಡುಗ ಕಾಯಿ ಸುಲಿಯುವ ಕೆಲಸದವನು. ದಿನಕ್ಕೆ ಸಾವಿರ ಕಾಯಿ ಸುಲಿದು ಹಾಕುವ ತೋಳು. ಮದುವೆಯಾಗಿ ಐದು ತಿಂಗಳು. ಹುಡುಗಿ ತುರುವೇಕೆರೆ ಕಡೆಯವಳು, ತವರಿಗೆ ಹೋದವಳು ಬಂದಿಲ್ಲ. ಹುಡುಗಿಯ ಮಾಮು ಎದ್ದು ನಿಂತು, "ಹುಡುಗ ಗಂಡಸೇ ಅಲ್ಲ. ಖುಲಾ ಮಾಡಿಸಿ, ನಾವು ಕೊಟ್ಟಿದ್ದು ವಾಪಸ್ ಕೊಡಿಸಿ" ಎಂದರು. ವರಾಂಡದಲ್ಲಿ ಹದಿನೈದು ಗಂಡಸರಿದ್ದೆವು. ಒಬ್ಬರು, "ಯಾರೋ ಬಂದಿಶ್ ಮಾಡಿಸಿದ್ದಾರೆ, ತಾಯಿತ ಕಟ್ಟಿಸಿ" ಎಂದರು. ಇನ್ನೊಬ್ಬರು ಹೆದ್ದಾರಿಯ ಗುಡಾರದ ವಿಳಾಸ ಹೇಳಿದರು. ಹುಡುಗ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದ. ಆ ಗುಡಾರಕ್ಕೆ ಅವನು ಆಗಲೇ ಹೋಗಿ ಬಂದಿದ್ದ, ಮೇಸ್ತ್ರಿಯ ಹತ್ತಿರ ಮುಂಗಡ ಪಡೆದ ಮೂವತ್ತೆಂಟು ಸಾವಿರ ರೂಪಾಯಿಯನ್ನು ಅಲ್ಲಿ ಸುರಿದಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು. ಆ ಹದಿನೈದು ಜನರಲ್ಲಿ ಒಬ್ಬರೂ ಹುಡುಗನನ್ನು ಏನಾಯಿತೆಂದು ಕೇಳಲಿಲ್ಲ. ಹುಡುಗಿಯನ್ನು ಕೇಳುವ ಮಾತಂತೂ ಯಾರ ತಲೆಗೂ ಬರಲಿಲ್ಲ. ನಮ್ಮನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇವೆ.

ಸಂಜೆ ತೋಟದ ಬದುವಿನ ಮೇಲೆ ಕೂತು ಕೇಳಿದಾಗ ಅವನು ಹೇಳಿದ. ಮದುವೆಯ ರಾತ್ರಿ, ಎರಡು ದಿನದ ನಿದ್ದೆಗೇಡು. ಬಾಗಿಲ ಹೊರಗೆ ಚಿಕ್ಕಪ್ಪನ ಮಕ್ಕಳ ಕಿಸಿಕಿಸಿ ನಗು. ಏನೂ ಆಗಲಿಲ್ಲ. ಬೆಳಿಗ್ಗೆ ಗೆಳೆಯರು ಹೆಗಲ ಮೇಲೆ ಕೈ ಹಾಕಿ, "ಏನಪ್ಪಾ, ಪಾಸಾ ಫೇಲಾ?" ಎಂದರು. ಎರಡನೆಯ ರಾತ್ರಿ ಅವನ ತಲೆಯಲ್ಲಿ ಹೆಂಡತಿ ಇರಲಿಲ್ಲ, ಈ ಪ್ರಶ್ನೆ ಮಾತ್ರ ಇತ್ತು. ಮೂರನೆಯ ರಾತ್ರಿಯಿಂದ ಅವನು ಬೇಕೆಂದೇ ತಡವಾಗಿ ಮನೆಗೆ ಬರತೊಡಗಿದ. ಕೊನೆಗೆ ಅವನೊಂದು ಮಾತು ಹೇಳಿದ: "ಬೆಳಿಗ್ಗೆ ಏಳೋ ಹೊತ್ತಿಗೆ ಎಲ್ಲಾ ಸರಿಯಾಗೇ ಇರುತ್ತೆ ಚಾಚಾ. ಅವಳ ಹತ್ರ ಹೋಗೋವಾಗ ಮಾತ್ರ ಕೈಕಾಲು ತಣ್ಣಗಾಗುತ್ತೆ."

ಅರ್ಧ ರೋಗನಿರ್ಣಯ ಈ ಒಂದು ಮಾತಿನಲ್ಲೇ ಇದೆ. ನಿದ್ದೆಯಲ್ಲಿ, ಮುಂಜಾನೆಯಲ್ಲಿ ದೇಹ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂದರೆ ನರವೂ ರಕ್ತನಾಳವೂ ಬಹುಪಾಲು ಸರಿಯಾಗಿವೆ ಎಂದೇ ಅರ್ಥ. ಕೆಟ್ಟಿರುವುದು ಧೈರ್ಯ. ಮನುಷ್ಯನಿಗೆ ಭಯವಾದಾಗ ದೇಹ ಓಡಲು ಸಿದ್ಧವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ರಕ್ತ ತೊಡೆಗೂ ತೋಳಿಗೂ ನುಗ್ಗುತ್ತದೆ. ದಾಂಪತ್ಯಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ ಸ್ಥಿತಿ, ನಿರಾಳ. ಹುಲಿ ಕಂಡವನಿಗೆ ಹಸಿವಾಗುವುದಿಲ್ಲ. ಅದನ್ನು ಯಾರೂ ಹೊಟ್ಟೆಯ ದೌರ್ಬಲ್ಯ ಎನ್ನುವುದಿಲ್ಲ.

ನಮ್ಮ ತೆಂಗಿನ ಸೀಮೆಯವರಿಗೆ ಇದನ್ನು ಬೇರೆ ರೀತಿಯಲ್ಲೂ ಹೇಳಬಹುದು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಕೊಬ್ಬರಿ ಆಯಿತೋ ಇಲ್ಲವೋ ಎಂದು ದಿನಕ್ಕೊಂದು ಕಾಯಿ ಒಡೆದು ನೋಡುವವನ ಅಟ್ಟದಲ್ಲಿ ಉಳಿಯುವುದು ಚಿಪ್ಪು ಮಾತ್ರ. ನಮ್ಮ ಹುಡುಗ ದಿನವೂ ತನ್ನನ್ನೇ ಒಡೆದು ನೋಡಿಕೊಳ್ಳುತ್ತಿದ್ದ.

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಎಂಬಿಬ್ಬರು ಗುರುತಿಸಿದ್ದೂ ಇದನ್ನೇ. ಇಂಥವನು ಹೆಂಡತಿಯ ಜೊತೆಗಿರುವುದಿಲ್ಲ, ಮೂಲೆಯಲ್ಲಿ ನಿಂತು ತನ್ನನ್ನೇ ನೋಡುವ ಪ್ರೇಕ್ಷಕನಾಗಿರುತ್ತಾನೆ ಎಂದು ಅವರು ಹೇಳಿದರು. 1970ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿರುವ ಚಿಕಿತ್ಸೆಯಲ್ಲಿ ಲೇಹ್ಯವೂ ಇಲ್ಲ, ಎಣ್ಣೆಯೂ ಇಲ್ಲ. ಗಂಡನನ್ನು ಒಬ್ಬನನ್ನೇ ಕೂರಿಸಿ ಮದ್ದು ಕೊಡುವ ಪದ್ಧತಿಯೂ ಅಲ್ಲಿಲ್ಲ. ದಂಪತಿ ಇಬ್ಬರೂ ಬರಬೇಕು, ಯಾಕೆಂದರೆ ರೋಗಿ ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ಅವರಿಬ್ಬರ ನಡುವಿನ ಸಂಬಂಧ. ಮೊದಲ ಸೂಚನೆಯೇ ಕೇಳಿದವರನ್ನು ಬೆಚ್ಚಿಬೀಳಿಸುವಂಥದ್ದು: ಇಷ್ಟು ದಿನ ಸಂಭೋಗವನ್ನು ಪೂರ್ತಿ ನಿಲ್ಲಿಸಿ. ಪರೀಕ್ಷೆಯನ್ನೇ ರದ್ದು ಮಾಡಿದ ಮೇಲೆ ಫೇಲಾಗುವ ಮಾತೆಲ್ಲಿ? ಆಮೇಲೆ ದಂಪತಿಗಳು ಕೈ, ಬೆನ್ನು, ತಲೆಗೂದಲು ಸವರುತ್ತ, ಏನು ಹಿತ, ಏನು ಹಿತವಲ್ಲ ಎಂದು ಬಾಯಿಬಿಟ್ಟು ಹೇಳುತ್ತ, ಯಾವ ಗುರಿಯೂ ಇಲ್ಲದೆ ಒಬ್ಬರ ಸ್ಪರ್ಶಕ್ಕೆ ಇನ್ನೊಬ್ಬರು ಒಗ್ಗಿಕೊಳ್ಳುತ್ತಾರೆ. ಹಂತ ಹಂತವಾಗಿ ಮುಂದೆ ಹೋಗುತ್ತಾರೆ, ಭಯ ಬಂದರೆ ಒಂದು ಹಂತ ಹಿಂದೆ ಬರುತ್ತಾರೆ. ಶೀಘ್ರಸ್ಖಲನಕ್ಕೂ ಇಂಥದ್ದೇ ಅಭ್ಯಾಸವಿದೆ. ನಿಲ್ಲಿಸಿ ಮುಂದುವರಿಸುವ ಆ ಕ್ರಮವನ್ನು ಜೇಮ್ಸ್ ಸೀಮನ್ಸ್ ಎಂಬ ವೈದ್ಯರು 1956ರಲ್ಲೇ ಬರೆದಿದ್ದರು. ಅಲ್ಲಿಂದೀಚೆಗೆ ಈ ಚಿಕಿತ್ಸೆ ಬೆಳೆದಿದೆ. ‘ಒಮ್ಮೆ ಆಗಲಿಲ್ಲ ಎಂದರೆ ನಾನು ಎಂದಿಗೂ ಗಂಡಸಲ್ಲ’ ಎಂಬಂಥ ಯೋಚನೆಗಳನ್ನು ಹಿಡಿದು ಪ್ರಶ್ನಿಸುವ ಮಾತಿನ ಚಿಕಿತ್ಸೆಯೂ ಅದರೊಂದಿಗೆ ಸೇರಿದೆ.

ಇದನ್ನು ಪಶ್ಚಿಮದ ಸರಕು ಎಂದು ಮೂಗು ಮುರಿಯುವವರು ಚರಕ ಸಂಹಿತೆಯ ಚಿಕಿತ್ಸಾಸ್ಥಾನವನ್ನು ನೋಡಲಿ. ಈ ತೊಂದರೆಗೆ ಕಾರಣಗಳನ್ನು ಹೇಳುವಾಗ ಅಲ್ಲಿ ಭಯ, ಶೋಕ, ಪರಸ್ಪರ ನಂಬಿಕೆ ಇಲ್ಲದಿರುವುದು ಇವನ್ನೂ ಸೇರಿಸಲಾಗಿದೆ. ‘ಬಂದಿಶ್’ ಎನ್ನುವವರಿಗೂ ಒಂದು ಮಾತು. ಹದಿನಾರನೆಯ ಶತಮಾನದ ಫ್ರೆಂಚ್ ಲೇಖಕ ಮಾಂಟೇನ್ ತನ್ನ ಗೆಳೆಯನೊಬ್ಬನ ಕತೆ ಬರೆದಿದ್ದಾನೆ. ಮದುವೆಯ ರಾತ್ರಿ ತನಗೆ ಮಾಟ ಮಾಡಿಬಿಡುತ್ತಾರೆ ಎಂಬ ಹೆದರಿಕೆ ಅವನಿಗೆ. ಮಾಂಟೇನ್ ಒಂದು ಪದಕವನ್ನು ಕೊಟ್ಟು, ಕಟ್ಟಿಕೊಳ್ಳುವ ವಿಧಿ ಹೇಳಿಕೊಟ್ಟ. ಕೆಲಸ ಮಾಡಿದ್ದು ಪದಕವಲ್ಲ, ಗೆಳೆಯನ ಧೈರ್ಯ ಎಂದು ಅವನೇ ಬಲ್ಲ. ನಮ್ಮಲ್ಲೂ ತಾಯಿತದಿಂದ ವಾಸಿಯಾಯಿತು ಎನ್ನುವವರಿದ್ದಾರೆ. ಸುಳ್ಳಲ್ಲದಿರಬಹುದು. ಆದರೆ ಮಾಂಟೇನ್ ಅದಕ್ಕೆ ಹತ್ತು ಸಾವಿರ ರೂಪಾಯಿ ಕೇಳಲಿಲ್ಲ, ಮಾಟ ಮಾಡಿಸಿದ್ದು ನಿನ್ನ ಅತ್ತಿಗೆ ಎಂದು ಹೇಳಿ ಮನೆ ಒಡೆಯಲೂ ಇಲ್ಲ.

ಗುಡಾರದವನ ವ್ಯಾಪಾರ ಸರಿಯಾಗಿ ಇದರ ಉಲ್ಟಾ. ಚಿಕಿತ್ಸಕ ಭಯವನ್ನು ಇಳಿಸುತ್ತಾನೆ, ಗುಡಾರದವನು ಏರಿಸುತ್ತಾನೆ. ನಾಡಿ ಹಿಡಿದು, ಮುಖ ಗಂಭೀರ ಮಾಡಿ, "ಹುಡುಗುತನದಲ್ಲಿ ಮಾಡಿದ ತಪ್ಪು, ನರ ಒಣಗಿದೆ, ಹೀಗೇ ಬಿಟ್ಟರೆ ಮಕ್ಕಳಾಗುವುದಿಲ್ಲ" ಎನ್ನುತ್ತಾನೆ. ಧಾತು ಹೋಯಿತು, ಶಕ್ತಿ ಹೋಯಿತು ಎಂಬ ಕೊರಗು ಈ ದೇಶದ ಗಂಡಸರಲ್ಲಿ ಎಷ್ಟು ವ್ಯಾಪಕವೆಂದರೆ, ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಸ್ವಪ್ನಸ್ಖಲನದಿಂದಾಗಲಿ ಹಸ್ತಮೈಥುನದಿಂದಾಗಲಿ ನರ ಒಣಗುವುದಿಲ್ಲ. ಒಣಗುವುದು ಕಿಸೆ.

ಎಷ್ಟು ಒಣಗುತ್ತದೆ ಎಂಬುದಕ್ಕೆ 2025ರ ನವೆಂಬರಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಪೊಲೀಸರ ಮುಂದೆ ಬಂದ ದೂರನ್ನು ನೋಡಬಹುದು. ಮದುವೆಯಾಗಿದ್ದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇಂಥದೇ ತೊಂದರೆಗೆ ರಸ್ತೆ ಬದಿಯ ಗುಡಾರವೊಂದನ್ನು ಹೊಕ್ಕರು. ಗ್ರಾಮಿಗೆ ಲಕ್ಷ ರೂಪಾಯಿಗೂ ಮಿಗಿಲಾದ ಬೆಲೆಯ ಬೂಟಿ ಎಂದು ನಂಬಿಸಿ, ಕಂತು ಕಂತಾಗಿ ಅವರಿಂದ ಒಟ್ಟು 48 ಲಕ್ಷ ರೂಪಾಯಿ ಕಿತ್ತುಕೊಳ್ಳಲಾಯಿತು. ಬ್ಯಾಂಕ್ ಸಾಲ ಮಾಡಿಸಿದರು. ಕೊನೆಗೆ ಮೂತ್ರಪಿಂಡಕ್ಕೆ ಹಾನಿಯಾಗಿರುವುದು ತಪಾಸಣೆಯಲ್ಲಿ ಗೊತ್ತಾಯಿತು ಎಂದು ದೂರಿನಲ್ಲಿದೆ. ಕಾಯಿ ಸುಲಿಯುವವನು ಅವಿದ್ಯಾವಂತ, ಅದಕ್ಕೇ ಮೋಸಹೋದ ಎನ್ನುವವರು ಇದಕ್ಕೇನು ಹೇಳುತ್ತಾರೆ? ನಾಚಿಕೆಗೆ ಡಿಗ್ರಿಯ ಹಂಗಿಲ್ಲ. ಆ ಇಂಜಿನಿಯರ್ ಬಗ್ಗೆ ನಮಗೆ ಗೌರವವಿದೆ. ಪತ್ರಿಕೆಗಳಲ್ಲಿ ಜನ ಓದಿ ನಗುತ್ತಾರೆಂದು ಗೊತ್ತಿದ್ದೂ ಅವರು ದೂರು ಬರೆದುಕೊಟ್ಟರು. ಅವರಂತೆ ದೂರು ಕೊಡಲಾರದವರು ಎಷ್ಟು ಮಂದಿಯೋ.

ಬೂಟಿಯಲ್ಲಿ ಏನಿರುತ್ತದೆ ಎಂಬುದು ಇನ್ನೊಂದು ಕತೆ. ಸಿಲ್ಡೆನಾಫಿಲ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ವೈದ್ಯರ ಸಲಹೆಯ ಮೇಲೆ ಸರಿಯಾಗಿ ಬಳಸಿದರೆ ಅದು ಉಪಯುಕ್ತ ಔಷಧಿಯೇ, ಹೆದರಿದವನಿಗೆ ಮೊದಲ ಮೆಟ್ಟಿಲಿಗೆ ಆಸರೆಯಾಗಿ ವೈದ್ಯರು ಕೊಡುವುದೂ ಉಂಟು. ಆದರೆ ‘ಗಿಡಮೂಲಿಕೆ’ ಎಂದು ಮಾರುವ ಪುಡಿಗಳಲ್ಲಿ ಇದೇ ಮಾತ್ರೆಯನ್ನು ಅರೆದು ಹೇಳದೆ ಕೇಳದೆ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವನು ಇದನ್ನು ನುಂಗಿದರೆ ರಕ್ತದೊತ್ತಡ ದಿಢೀರನೆ ಕುಸಿದು ಪ್ರಾಣಕ್ಕೇ ಸಂಚಕಾರ. 2004ರಲ್ಲಿ ಬೋಸ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಮಾರಾಟಕ್ಕಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅವು ಅಂಗಡಿಯಲ್ಲಿ, ಲೇಬಲ್ ಅಂಟಿಸಿಕೊಂಡಿದ್ದವು. ಗುಡಾರದ ಬಾಟಲಿಗೆ ಲೇಬಲ್ಲೂ ಇಲ್ಲ.

ನಮ್ಮವರಿಗೆ ಇನ್ನೂ ಒಂದು ಕಾರಣಕ್ಕೆ ಸಿಟ್ಟು ಬರಬೇಕು. ಇಂಥ ಗುಡಾರಗಳಲ್ಲಿ ಅನೇಕವು ‘ಹಕೀಂ’ ಎಂಬ ಹೆಸರಿನಲ್ಲಿ, ‘ಖಾನ್‌ದಾನಿ ದವಾಖಾನಾ’ ಎಂಬ ಫಲಕದಡಿಯಲ್ಲಿ ನಡೆಯುತ್ತವೆ. ಗುರೂಜಿ ಎಂಬ ಹೆಸರಿನವೂ ಅಷ್ಟೇ ಇವೆ, ಅದನ್ನು ಆ ಕಡೆಯವರು ನೋಡಿಕೊಳ್ಳಲಿ. ಹಕೀಮ ಎಂದರೆ ವಿವೇಕಿ. ಯುನಾನಿ ಒಂದು ಕ್ರಮಬದ್ಧ ವೈದ್ಯಪದ್ಧತಿ. ಬೆಂಗಳೂರಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ. ಪದವಿ ಓದಿ, ನೋಂದಣಿ ಮಾಡಿಸಿಕೊಂಡು, ಬೋರ್ಡಿನಲ್ಲಿ ನಂಬರ್ ಹಾಕಿ ಕೂತ ವೈದ್ಯನಿಗೂ, ಇಂದು ಇಲ್ಲಿ ನಾಳೆ ಅರಸೀಕೆರೆಯಲ್ಲಿ ಗುಡಾರ ಹೂಡುವವನಿಗೂ ನಾವು ವ್ಯತ್ಯಾಸ ಮಾಡದಿದ್ದರೆ ಬೇರೆಯವರು ಯಾಕೆ ಮಾಡುತ್ತಾರೆ?

ಕಾನೂನಿಲ್ಲವೇ ಎಂದರೆ, ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ನಪುಂಸಕತೆ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಮಾಡುವುದೇ ಅದರಡಿ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಹಮ್‌ದರ್ದ್ ದವಾಖಾನೆ ಈ ಕಾಯ್ದೆಯನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತ್ತು. 1959ರ ಡಿಸೆಂಬರಿನಲ್ಲಿ ಬಂದ ತೀರ್ಪು ಕಾಯ್ದೆಯ ಕೆಲವು ಭಾಗಗಳನ್ನು ತೆಗೆದುಹಾಕಿದರೂ, ಇಂಥ ನಿಷಿದ್ಧ ಔಷಧಿಗಳ ವ್ಯಾಪಾರಿ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲವೆಂದು ಹೇಳಿತು. ಪೊಲೀಸರು ಕ್ರಮ ಕೈಗೊಳ್ಳಲು ಯಾರಾದರೂ ಮೋಸಹೋದವನು ಅಳುತ್ತ ಬರಬೇಕೆಂದೂ ಇಲ್ಲ, ಈ ಕಾಯ್ದೆಯಡಿಯ ಅಪರಾಧ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಬಹುದಾದಂಥದ್ದು. ಸಾಕ್ಷ್ಯ ಎಲ್ಲಿ ಎಂದರೆ ಗೋಡೆಯ ಮೇಲೆ, ಎರಡಡಿ ಎತ್ತರದ ಅಕ್ಷರದಲ್ಲಿ, ಫೋನ್ ನಂಬರ್ ಸಮೇತ ಇದೆ. ಇದೇ ಜಾಹೀರಾತುಗಳನ್ನು ವರ್ಷಗಟ್ಟಲೆ ಹಿಂಪುಟದಲ್ಲಿ ಅಚ್ಚುಮಾಡಿ, ಮುಖಪುಟದಲ್ಲಿ ನೈತಿಕತೆಯ ಬಗ್ಗೆ ಅಗ್ರಲೇಖನ ಬರೆದ ಪತ್ರಿಕೆಗಳ ಬಗ್ಗೆ ಏನು ಹೇಳೋಣ? ನಾವೂ ಪತ್ರಿಕೆಯವರೇ.

ಆದರೆ ಗುಡಾರದವನನ್ನು ಬೈದು ಕೈ ತೊಳೆದುಕೊಂಡರೆ ಅದು ಅಪ್ರಾಮಾಣಿಕತೆ. ಅವನು ಸರಕು ಮಾರುವುದು ಗಿರಾಕಿ ಇರುವುದರಿಂದ. ಗಿರಾಕಿಯನ್ನು ತಯಾರು ಮಾಡುವವರು ನಾವು. ಮದುವೆ ಮನೆಯ ತಮಾಷೆ, ಸಿನಿಮಾದ ಹಾಲಿನ ಲೋಟ, ಬೆಳಗಾದರೆ ಸೊಸೆಯ ಮುಖ ನೋಡಿ ಲೆಕ್ಕ ಹಾಕುವ ಹೆಂಗಸರು, "ಇನ್ನೂ ಏನೂ ವಿಶೇಷ ಇಲ್ವಾ?" ಎಂದು ಎರಡನೆಯ ತಿಂಗಳಿಗೇ ಕೇಳುವ ನೆಂಟರು. ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದ ಇದರಲ್ಲಿಲ್ಲ. ಮುಖ ನೋಡಿ ಮಾತಾಡದ ಇಬ್ಬರನ್ನು ಒಂದು ಕೋಣೆಗೆ ತಳ್ಳಿ, ಒಂದು ರಾತ್ರಿಯಲ್ಲಿ ಫಲಿತಾಂಶ ಕೇಳುತ್ತೇವೆ.

ನಮ್ಮ ಫಿಕ್ಹ್ ಎಷ್ಟು ಕಾಲಾವಕಾಶ ಕೊಟ್ಟಿದೆ ಗೊತ್ತೇ? ಗಂಡನಿಗೆ ಈ ತೊಂದರೆ ಇದೆಯೆಂದು ಹೆಂಡತಿ ಕಾಝಿಯ ಬಳಿ ಹೋದರೆ, ಹನಫೀ ಪಂಥದ ಪ್ರಕಾರ ಅವನಿಗೆ ಒಂದು ವರ್ಷದ ಗಡುವು ಕೊಡಬೇಕು. ವರ್ಷವೇ ಯಾಕೆ ಎಂಬುದಕ್ಕೂ ವಿವರಣೆಯಿದೆ: ನಾಲ್ಕೂ ಋತುಗಳು ಅವನ ಮೈಮೇಲೆ ಹಾದುಹೋಗಲಿ, ಯಾವುದಾದರೊಂದರಲ್ಲಿ ಮೈ ಸರಿಹೋಗಬಹುದು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲೂ ಇದು ಉಳಿದಿದೆ. ಈ ಕಾರಣಕ್ಕೆ ಹೆಂಡತಿ ವಿಚ್ಛೇದನ ಕೇಳಿದಾಗ, ಗಂಡ ಅರ್ಜಿ ಹಾಕಿಕೊಂಡರೆ ನ್ಯಾಯಾಲಯ ಅವನಿಗೆ ಒಂದು ವರ್ಷ ಕೊಡಬೇಕು. ಅಂದಿನ ಫಕೀಹರು ವರ್ಷ ಕೊಟ್ಟರು, ಬ್ರಿಟಿಷರ ಕಾಲದ ಶಾಸನಸಭೆ ವರ್ಷ ಕೊಟ್ಟಿತು. ನಮ್ಮ ವರಾಂಡದ ಹದಿನೈದು ಜನ ಅಸರ್ ನಮಾಝಿನವರೆಗೂ ಕೊಡಲಿಲ್ಲ.

ಇದನ್ನು ಓದಿ, ‘ಹಾಗಾದರೆ ಹುಡುಗಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿರಬೇಕೇ?’ ಎಂದು ಕೇಳುವ ಓದುಗರಿರುತ್ತಾರೆ. ಇಲ್ಲ. ಆ ನಿಯಮದಲ್ಲಿ ಬಾಗಿಲು ತಟ್ಟುವವಳು ಹೆಂಡತಿಯೇ. ದಾಂಪತ್ಯಸುಖ ಅವಳ ಹಕ್ಕು ಎಂದು ಒಪ್ಪಿಕೊಂಡದ್ದರಿಂದಲೇ ಆ ನಿಯಮ ಹುಟ್ಟಿತು. ವರ್ಷದ ಕೊನೆಗೂ ಸರಿಹೋಗದಿದ್ದರೆ, ಅವಳು ಬಯಸಿದರೆ ಬಿಡುಗಡೆ ಅವಳದು. ತಪ್ಪಿರುವುದು ಆ ವರ್ಷವನ್ನು ನಾವು ಬಳಸುವ ರೀತಿಯಲ್ಲಿ. ಅದು ಗುಡಾರ ಸುತ್ತುವ ವರ್ಷವಲ್ಲ, ಚಿಕಿತ್ಸೆಯ ವರ್ಷ.

ಚಿಕಿತ್ಸೆ ದೂರದಲ್ಲೇನೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಬಹುದು. ಮಾಡಿಸಲೇಬೇಕು, ಯಾಕೆಂದರೆ ಎಲ್ಲವೂ ಭಯವೇ ಅಲ್ಲ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಕೆಲವು ಮಾತ್ರೆಗಳು, ಹೃದಯದ ತೊಂದರೆಯ ಮುನ್ಸೂಚನೆ ಕೂಡ ಹೀಗೇ ಕಾಣಿಸಿಕೊಳ್ಳಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತುಮಕೂರಿನಲ್ಲಿ ಸರಕಾರಿ ಮನೋವೈದ್ಯರಿದ್ದಾರೆ. ತಿಪಟೂರಿನಲ್ಲಿ ರೈಲು ಹತ್ತಿದರೆ ಬೆಂಗಳೂರು, ಅಲ್ಲಿ ನಿಮ್ಹಾನ್ಸ್. ಊರಲ್ಲಿ ಯಾರಾದರೂ ನೋಡಿಯಾರು ಎನ್ನುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಓದುವವರಿಗೆ ವೈದ್ಯೆ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು ದಶಕಗಳಾದವು, ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ರಾಶಿಯಿದೆ. ಕೊರತೆ ಇರುವುದು ಬೇರೆ ಕಡೆ. ಸೇಂಟ್ ಲೂಯಿಸಿಗೆ ಬಂದ ದಂಪತಿಗಳು ಎರಡು ವಾರ ಹೋಟೆಲಿನಲ್ಲಿ ಉಳಿಯುತ್ತಿದ್ದರು. ನಮ್ಮ ಹುಡುಗನ ಮನೆಯಲ್ಲಿ ಎಂಟು ಜನ, ಒಂದು ಹಜಾರ, ನಡುವೆ ಸೀರೆಯ ಪರದೆ. ಚಿಲಕವಿರುವ ಬಾಗಿಲೂ ಈ ಚಿಕಿತ್ಸೆಯ ಒಂದು ಭಾಗ ಎಂದು ಯಾವ ವೈದ್ಯಗ್ರಂಥದಲ್ಲೂ ಪ್ರತ್ಯೇಕವಾಗಿ ಬರೆಯಬೇಕಾಗಿ ಬಂದಿರಲಿಕ್ಕಿಲ್ಲ.

ಆ ಹುಡುಗ ಹುಡುಗಿ ತುಮಕೂರಿಗೆ ಹೋದರು. ವೈದ್ಯರು ಮೊದಲು ಹುಡುಗಿಯನ್ನು ಮಾತಾಡಿಸಿದರಂತೆ. ಅವಳು, "ಅವರು ಆ ಕಡೆ ತಿರುಗಿ ಮಲಗುತ್ತಿದ್ದರು. ನಾನು ಚೆನ್ನಾಗಿಲ್ಲ ಅಂತ ಅಂದುಕೊಂಡೆ" ಎಂದಳಂತೆ. ಐದು ತಿಂಗಳಲ್ಲಿ ಹುಡುಗ ಈ ಮಾತನ್ನು ಕೇಳಿದ್ದು ಅದೇ ಮೊದಲು. ವೈದ್ಯರು ಕೆಲವು ವಾರ ಏನೂ ಬೇಡ, ಜೊತೆಗೆ ಕೂತು ಮಾತಾಡಿ ಸಾಕು ಎಂದು ಕಳಿಸಿದಾಗ ಹುಡುಗನ ತಾಯಿ, "ಇದೆಂಥ ಡಾಕ್ಟರು, ಬೇಕು ಅಂತ ಹೋದ್ರೆ ಬೇಡ ಅಂತಾರೆ!" ಎಂದು ರೇಗಾಡಿದರು. ತೋಟದ ಮೂಲೆಯಲ್ಲಿ ಕೊಬ್ಬರಿ ಚೀಲ ಇಡುತ್ತಿದ್ದ ಶೀಟಿನ ಕೋಣೆಯನ್ನು ಮೇಸ್ತ್ರಿ ಖಾಲಿ ಮಾಡಿಕೊಟ್ಟ. ಮೂರು ತಿಂಗಳು ಹಿಡಿಯಿತು. ಈಗ ಅವರಿಗೆ ಇಬ್ಬರು ಮಕ್ಕಳು. ಮುಂಗಡದ ಸಾಲ ತೀರಲು ಮಾತ್ರ ಮೂರು ವರ್ಷ ಬೇಕಾಯಿತು.

ಆ ಬಳಿಕ ನಾವು ಅದೇ ಜಮಾಅತಿನ ಹಿರಿಯರ ಬಳಿ ಒಂದು ಪ್ರಸ್ತಾಪ ಇಟ್ಟೆವು. ನಿಕಾಹ್ ದಾಖಲೆ ಮಾಡುವ ಮೊದಲು ಹುಡುಗನಿಗೊಮ್ಮೆ, ಹುಡುಗಿಗೊಮ್ಮೆ, ಬೇರೆ ಬೇರೆಯಾಗಿ, ವೈದ್ಯರೊಬ್ಬರಿಂದ ಒಂದು ಗಂಟೆ ಮಾತು. ಹಿರಿಯರು ಗಾಬರಿಯಾದರು. "ಮಸೀದಿಯ ಆವರಣದಲ್ಲಿ ಇಂಥದ್ದೆಲ್ಲ ಮಾತಾಡೋದಾ?" ಎಂದರು. ಒಬ್ಬ ಹುಡುಗ ಗಂಡಸಲ್ಲ ಎಂದು ಹದಿನೈದು ಜನರ ಮುಂದೆ ಗಟ್ಟಿಯಾಗಿ ಹೇಳಿದ್ದು ಇದೇ ಆವರಣದಲ್ಲೇ ಅಲ್ಲವೇ ಎಂದು ಕೇಳಿದೆವು. ಅವರು ಟೋಪಿ ಸರಿಮಾಡಿಕೊಂಡು, "ಮುಂದಿನ ತಿಂಗಳು ಮೀಟಿಂಗಿನಲ್ಲಿ ನೋಡೋಣ" ಎಂದರು. ಆಮೇಲೆ ಎಷ್ಟೋ ಮೀಟಿಂಗುಗಳು ನಡೆದವು, ಈ ವಿಷಯ ಇನ್ನೂ ಅಜೆಂಡಾಕ್ಕೆ ಬಂದಿಲ್ಲ.